ಜಿರಾಫೆಯ ಕುತ್ತಿಗೆ ಉದ್ದವಾದದ್ದು ಹೇಗೆ? ಹತ್ತನೆಯ ತರಗತಿಯ ಮಕ್ಕಳಿಗೆ ಜೀವವಿಕಾಸವನ್ನು ವಿವರಿಸುವ ಕುರಿತು

ಡೊಂಬಿವಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದಾಳೆ. ನನ್ನ ಅಣ್ಣನ ಮಗ ಅದೇ ತರಗತಿಯನ್ನು ರಾಜ್ಯ ಮಂಡಳಿಯ ಶಾಲೆಯಲ್ಲಿ ಓದುತ್ತಿದ್ದಾನೆ. ಅವನ ವಿಜ್ಞಾನ ಪುಸ್ತಕದ ಎರಡನೆಯ ಭಾಗ ಆರಂಭವಾಗುವುದೇ ಆನುವಂಶೀಯತೆ ಮತ್ತು ಜೀವವಿಕಾಸದ ಪಾಠದಿಂದ. ಇವಳ ಪುಸ್ತಕದಲ್ಲಿ ಆನುವಂಶೀಯತೆ ಮಾತ್ರ ಉಳಿದಿದೆ. ಜಿರಾಫೆಯ ಕುತ್ತಿಗೆಯ ವಿಷಯದಲ್ಲಿ ಇಬ್ಬರಿಗೂ ವಾದ ಹತ್ತಿಕೊಂಡಿದೆ. ಎತ್ತರದ ಎಲೆಗಳನ್ನು ತಿನ್ನಲು ಜಿರಾಫೆಗಳು ಕುತ್ತಿಗೆಯನ್ನು ಚಾಚುತ್ತಾ ಬಂದುದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ಉದ್ದವಾಯಿತು, ಪ್ರಾಣಿಗಳು ಅಗತ್ಯಕ್ಕೆ ತಕ್ಕಂತೆ ತಮ್ಮನ್ನು ಬದಲಾಯಿಸಿಕೊಳ್ಳುವುದೇ ಜೀವವಿಕಾಸ ಎಂದು ಅವನು ಬರೆದಿದ್ದಾನೆ. ಅದು ಸರಿಯಿಲ್ಲವೆಂದು ಮಗಳಿಗೆ ಅನ್ನಿಸುತ್ತದೆ, ಆದರೆ ಏಕೆಂದು ಹೇಳಲು ಬರುತ್ತಿಲ್ಲ. ನಾನು ಓದಿದ್ದು ವಾಣಿಜ್ಯ. ತಿಳಿದವರು ಬುಡದಿಂದ ವಿವರಿಸಿದರೆ ಇಬ್ಬರು ಮಕ್ಕಳಿಗೂ ಓದಿ ಹೇಳುತ್ತೇನೆ.

ಮಾಟುಂಗಾದ ನಿವೃತ್ತ ಶಿಕ್ಷಕ

ನಿಮ್ಮ ಮಗಳ ಅನುಮಾನ ಸರಿಯಾಗಿದೆ, ತಾಯಿ. ಆದರೆ ಅಣ್ಣನ ಮಗನನ್ನು ಬೈಯಬೇಡಿ. ಅವನು ಬರೆದಿರುವುದು ಫ್ರಾನ್ಸಿನ ಲಾಮಾರ್ಕ್ 1809ರಲ್ಲಿ ಮಂಡಿಸಿದ ವಿಚಾರಕ್ಕೆ ಬಹಳ ಹತ್ತಿರದ್ದು. ಬಳಸಿದ ಅಂಗ ಬೆಳೆಯುತ್ತದೆ, ಬಳಸದ ಅಂಗ ಕ್ಷೀಣಿಸುತ್ತದೆ, ಹಾಗೆ ಗಳಿಸಿದ ಬದಲಾವಣೆ ಮಕ್ಕಳಿಗೆ ಹೋಗುತ್ತದೆ ಎಂಬುದು ಆತನ ನಿಲುವು. ಇದರಲ್ಲಿ ಕೆಡುವುದು ಕೊನೆಯ ಮಾತು. ತಾಲೀಮಿನಲ್ಲಿ ಬೆವರು ಸುರಿಸಿ ತೋಳು ಬೆಳೆಸಿಕೊಂಡ ಪೈಲ್ವಾನನ ಮಗುವೇನೂ ಉಬ್ಬಿದ ತೋಳಿನೊಂದಿಗೆ ಹುಟ್ಟುವುದಿಲ್ಲ.

ಡಾರ್ವಿನ್ ಮತ್ತು ವಾಲೇಸ್ 1858ರಲ್ಲಿ ಜೊತೆಯಾಗಿ ಮಂಡಿಸಿದ, ಮರುವರ್ಷ ಡಾರ್ವಿನ್ ಪುಸ್ತಕವಾಗಿ ವಿಸ್ತರಿಸಿದ ವಿಚಾರದಲ್ಲಿ ಪ್ರಾಣಿಯ ಅಗತ್ಯಕ್ಕೆ, ಆಸೆಗೆ, ಪ್ರಯತ್ನಕ್ಕೆ ಪಾತ್ರವೇ ಇಲ್ಲ. ಒಂದೇ ಪ್ರಭೇದದ ಜೀವಿಗಳ ನಡುವೆ ಮೊದಲಿನಿಂದಲೂ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಅವುಗಳಲ್ಲಿ ಕೆಲವು ತಂದೆತಾಯಿಯಿಂದ ಮಕ್ಕಳಿಗೆ ಬರುವಂಥವು. ಹುಟ್ಟಿದವುಗಳೆಲ್ಲ ಬದುಕಿ ಮರಿ ಮಾಡುವುದಿಲ್ಲ. ಆ ಪರಿಸರದಲ್ಲಿ ಯಾವ ವ್ಯತ್ಯಾಸ ಉಳ್ಳವು ಹೆಚ್ಚು ಮರಿಗಳನ್ನು ಬಿಟ್ಟುಹೋಗುತ್ತವೆಯೋ ಆ ವ್ಯತ್ಯಾಸ ಮುಂದಿನ ತಲೆಮಾರಿನಲ್ಲಿ ಹೆಚ್ಚು ಜೀವಿಗಳಲ್ಲಿ ಕಾಣಿಸುತ್ತದೆ. ಇದೇ ನೈಸರ್ಗಿಕ ಆಯ್ಕೆ. ಬದಲಾಗುವುದು ಇಡೀ ಸಮೂಹದ ಸರಾಸರಿ ಮಾತ್ರ. ಒಂದು ಜಿರಾಫೆ ಹುಟ್ಟಿದಾಗ ಯಾವ ವಂಶವಾಹಿಗಳನ್ನು (ಜೀನ್‌ಗಳನ್ನು) ಪಡೆದಿತ್ತೋ ಅವನ್ನೇ ಹೊತ್ತು ಸಾಯುತ್ತದೆ.

ಜಿರಾಫೆ ಪಾಠಕ್ಕೆ ಅಷ್ಟು ಒಳ್ಳೆಯ ಉದಾಹರಣೆಯಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಕುತ್ತಿಗೆ ಉದ್ದವಾದದ್ದು ಎಲೆಗಾಗಿಯೋ, ಗಂಡುಗಳ ಕಾದಾಟಕ್ಕಾಗಿಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲೇ ಇದೆ. ಅದಕ್ಕಿಂತ ಗ್ಯಾಲಪಗಸ್ ದ್ವೀಪಗಳ ಫಿಂಚ್ ಹಕ್ಕಿಗಳನ್ನು ಹೇಳಿಕೊಡಿ. ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ದಂಪತಿ 1973ರಿಂದ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಈ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಕೊಕ್ಕನ್ನು ಅಳೆದು ಬಿಡುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಮೆತ್ತನೆಯ ಬೀಜಗಳು ಬೇಗ ಮುಗಿದು, ನಮ್ಮ ನೆಗ್ಗಿಲು ಮುಳ್ಳಿನ ಜಾತಿಯ ಗಿಡದ ಗಟ್ಟಿ ಕಾಯಿಗಳಂಥವೇ ಉಳಿದವು. ಅವನ್ನು ಒಡೆಯಲು ದಪ್ಪ ಕೊಕ್ಕಿನ ಹಕ್ಕಿಗಳಿಗೆ ಮಾತ್ರ ಸಾಧ್ಯವಾಗುತ್ತಿತ್ತು. ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ಬಹುಪಾಲು ಸತ್ತವು. ಬದುಕುಳಿದವುಗಳ ಕೊಕ್ಕು ಸರಾಸರಿಯಲ್ಲಿ ದೊಡ್ಡದಾಗಿತ್ತು, ಅವುಗಳ ಮರಿಗಳ ಕೊಕ್ಕೂ ದೊಡ್ಡದಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು, ಉಂಗುರ ತೊಟ್ಟ ಯಾವ ಹಕ್ಕಿಯ ಕೊಕ್ಕೂ ಬರಗಾಲದಲ್ಲಿ ಬೆಳೆಯಲಿಲ್ಲ ಎಂಬುದನ್ನು. ಕೊಕ್ಕಿನ ಅಳತೆ ಮೊದಲೇ ದಾಖಲಾಗಿತ್ತು. ದಪ್ಪ ಕೊಕ್ಕಿನವು ಬರಕ್ಕೆ ಮುಂಚೆಯೇ ಅಲ್ಲಿದ್ದವು. ಬರ ಅವುಗಳನ್ನು ಸೃಷ್ಟಿಸಲಿಲ್ಲ, ಆರಿಸಿತು. 1982–83ರ ಎಲ್ ನಿನೊ ಮಳೆ ಸುರಿದು ಸಣ್ಣ ಬೀಜಗಳು ಹೇರಳವಾದ ಮೇಲೆ ಆಯ್ಕೆ ಸಣ್ಣ ಕೊಕ್ಕಿನ ಕಡೆಗೆ ವಾಲಿತು. ಆದ್ದರಿಂದ ಜೀವವಿಕಾಸವೆಂದರೆ ಸದಾ ಮೇಲಕ್ಕೆ ಹತ್ತುವ ಪ್ರಗತಿ ಎಂಬ ಕಲ್ಪನೆಯನ್ನೂ ಇದೇ ಉದಾಹರಣೆಯಿಂದ ತೆಗೆದುಹಾಕಬಹುದು.

ಪರೇಲ್ ಪ್ರಯೋಗಶಾಲೆ

ಮೇಷ್ಟ್ರ ಮಾತಿಗೆ ಮುಂಬಯಿಯದೇ ಒಂದು ಉದಾಹರಣೆಯನ್ನು ಸೇರಿಸುತ್ತೇನೆ. ನಾನು ಕ್ಷಯರೋಗದ ಕಫ ಪರೀಕ್ಷೆ ಮಾಡುವ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಟಿಬಿ ಬಂದವರಿಗೆ ಮೊದಲ ಎರಡು ತಿಂಗಳು ಒಟ್ಟಿಗೆ ನಾಲ್ಕು ಔಷಧಗಳನ್ನು ಕೊಡುವುದೇಕೆ ಎಂದು ರೋಗಿಗಳ ಮನೆಯವರು ಕೇಳುತ್ತಿರುತ್ತಾರೆ. ಅದರ ಉತ್ತರ ಪೂರ್ತಿಯಾಗಿ ಜೀವವಿಕಾಸದ ಲೆಕ್ಕದಲ್ಲಿದೆ.

ಕ್ಷಯದಿಂದ ಶ್ವಾಸಕೋಶದಲ್ಲಿ ಆಗುವ ಒಂದು ಕುಹರದಲ್ಲಿ, ಅಂದರೆ ಟೊಳ್ಳಿನಲ್ಲಿ, ಹತ್ತು ಕೋಟಿಯಷ್ಟು ಕ್ಷಯದ ಬ್ಯಾಕ್ಟೀರಿಯಾ ಇರಬಹುದು. ಕೋಶ ವಿಭಜನೆಯಾದಾಗ ಡಿಎನ್‌ಎ ನಕಲಿನಲ್ಲಿ ಆಗಾಗ ತಪ್ಪುಗಳಾಗುತ್ತವೆ; ಇವೇ ಉತ್ಪರಿವರ್ತನೆಗಳು. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ ಅಥವಾ ಕೆಡುಕಾಗುತ್ತದೆ. ಆದರೆ ಸ್ಥೂಲವಾಗಿ ಹತ್ತು ಲಕ್ಷದಲ್ಲಿ ಒಂದು ಬ್ಯಾಕ್ಟೀರಿಯಾ ಆ ನಾಲ್ಕರಲ್ಲಿ ಒಂದಾದ ಐಸೋನಿಯಜಿಡ್‌ಗೆ, ಹತ್ತು ಕೋಟಿಯಲ್ಲಿ ಒಂದು ಇನ್ನೊಂದು ಔಷಧ ರಿಫಾಂಪಿಸಿನ್‌ಗೆ ಬಗ್ಗದಂಥ ಬದಲಾವಣೆಯನ್ನು ಹೊಂದಿರುತ್ತದೆ. ಈಗ ಬರೀ ಐಸೋನಿಯಜಿಡ್ ಕೊಟ್ಟರೆ ಉಳಿದವೆಲ್ಲ ಸತ್ತರೂ ಆ ಕುಹರದಲ್ಲಿ ನೂರು ಬ್ಯಾಕ್ಟೀರಿಯಾ ಬದುಕುತ್ತವೆ. ಪೈಪೋಟಿಯಿಲ್ಲದ ಜಾಗದಲ್ಲಿ ಆ ನೂರೇ ಮತ್ತೆ ಕೋಟಿಗಳಾಗುತ್ತವೆ, ಈ ಸಲ ಎಲ್ಲವೂ ನಿರೋಧಕ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎರಡನ್ನೂ ತಡೆಯಬಲ್ಲ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಒಂದು ಕೋಟಿ ಕೋಟಿಯಲ್ಲಿ ಒಂದಕ್ಕೆ ಇಳಿಯುತ್ತದೆ. ಅಷ್ಟು ಬ್ಯಾಕ್ಟೀರಿಯಾ ಒಬ್ಬ ರೋಗಿಯ ದೇಹದಲ್ಲಿ ಇರುವುದೇ ಇಲ್ಲ.

ರೋಗಿ ಕೆಮ್ಮು ನಿಂತಿತೆಂದು ಗುಳಿಗೆಗಳನ್ನು ಮಧ್ಯದಲ್ಲೇ ಬಿಟ್ಟರೆ, ಅಥವಾ ಒಂದನ್ನು ತಿಂದು ಇನ್ನೊಂದನ್ನು ತಿನ್ನದಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಎಂಡಿಆರ್ ಟಿಬಿ (ಹಲವು ಔಷಧಗಳಿಗೆ ಬಗ್ಗದ ಕ್ಷಯ) ಎಂದು ನೀವು ಕೇಳಿರುವುದು ಹೀಗೆ ಆಯ್ಕೆಗೊಂಡ, ಅನಂತರ ಒಬ್ಬರಿಂದ ಒಬ್ಬರಿಗೆ ಹರಡುವ ಬ್ಯಾಕ್ಟೀರಿಯಾದ ಸಂತತಿ. ಕಫದಲ್ಲಿರುವ ಬ್ಯಾಕ್ಟೀರಿಯಾದ ಡಿಎನ್‌ಎ ಪರೀಕ್ಷಿಸುವ ಸಿಬಿನಾಟ್ ಯಂತ್ರದಲ್ಲಿ ನಾವು ಸುಮಾರು ಎರಡು ಗಂಟೆಯಲ್ಲಿ ನೋಡುವುದು ರಿಫಾಂಪಿಸಿನ್‌ಗೆ ಬಗ್ಗದಂತೆ ಮಾಡುವ, ಆರ್‌ಪಿಓಬಿ ಎಂಬ ವಂಶವಾಹಿಯ ಬದಲಾವಣೆಯನ್ನೇ. ಜೀವವಿಕಾಸ ಕೋಟಿ ವರ್ಷಗಳ ಹಿಂದಿನ ಕಥೆ ಎಂದುಕೊಂಡವರಿಗೆ ನಾನು ಹೇಳುವುದಿಷ್ಟೇ: ಅದರ ವರದಿಗೆ ನಾನು ದಿನವೂ ಸಹಿ ಹಾಕುತ್ತೇನೆ.

ವಾಶಿಯ ವಿದ್ಯಾರ್ಥಿನಿ

ಸರ್, ನಾನು ಹನ್ನೊಂದನೆಯ ತರಗತಿಯಲ್ಲಿದ್ದೇನೆ. ನಿರೋಧಕ ಬ್ಯಾಕ್ಟೀರಿಯಾ ಔಷಧ ಕೊಡುವ ಮೊದಲೇ ಇದ್ದವು ಎಂದು ಹೇಗೆ ಗೊತ್ತಾಯಿತು? ಔಷಧ ತಾಗಿದ ಮೇಲೆ ಕೆಲವು ಬ್ಯಾಕ್ಟೀರಿಯಾ ತಮ್ಮನ್ನು ಬದಲಾಯಿಸಿಕೊಂಡವು ಎಂದರೂ ಫಲಿತಾಂಶ ಹೀಗೆಯೇ ಕಾಣಿಸುವುದಿಲ್ಲವೇ? ಹಾಗಾದರೆ ಲಾಮಾರ್ಕ್ ಸರಿ ಎಂದಾಗುತ್ತದೆ.

ಪರೇಲ್ ಪ್ರಯೋಗಶಾಲೆ

ಶಹಬ್ಬಾಸ್ ತಂಗಿ, ಇದು ನಿಜವಾಗಿಯೂ ವಿಜ್ಞಾನಿಗಳನ್ನು ಕಾಡಿದ್ದ ಪ್ರಶ್ನೆ. 1943ರಲ್ಲಿ ಲೂರಿಯ ಮತ್ತು ಡೆಲ್‌ಬ್ರೂಕ್ ಇದಕ್ಕೆ ಸಂಖ್ಯಾಶಾಸ್ತ್ರದ ಮೂಲಕ ಉತ್ತರ ಕೊಟ್ಟರು. ಆದರೆ ಕಣ್ಣಿಗೆ ಕಟ್ಟುವ ಪ್ರಯೋಗ ಲೆಡರ್‌ಬರ್ಗ್ ದಂಪತಿಯದು, 1952ರದು. ತಟ್ಟೆಯೊಂದರಲ್ಲಿ ಔಷಧವಿಲ್ಲದೆ ಬೆಳೆಸಿದ ಬ್ಯಾಕ್ಟೀರಿಯಾ ಗುಂಪುಗಳ ಮೇಲೆ ಶುದ್ಧೀಕರಿಸಿದ ಮಖಮಲ್ಲಿನ ಬಟ್ಟೆಯನ್ನು ಒತ್ತಿ, ಅದೇ ಬಟ್ಟೆಯನ್ನು ಔಷಧ ಬೆರೆಸಿದ ಹಲವು ತಟ್ಟೆಗಳ ಮೇಲೆ ಒಂದಾದ ಮೇಲೊಂದರಂತೆ ಒತ್ತಿದರು. ಪ್ರತಿ ತಟ್ಟೆಗೂ ಮೊದಲ ತಟ್ಟೆಯ ನಕ್ಷೆಯೇ ಇಳಿಯುತ್ತದೆ. ಔಷಧ ತಾಗಿದ ಮೇಲೆ ಬದಲಾವಣೆಯಾಗುವುದಾದರೆ ಬದುಕುಳಿದ ಗುಂಪುಗಳು ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಇರಬೇಕಿತ್ತು. ಅವು ಎಲ್ಲ ತಟ್ಟೆಗಳಲ್ಲೂ ಅದೇ ಜಾಗದಲ್ಲಿ ಬೆಳೆದವು. ಅನಂತರ ಮೂಲ ತಟ್ಟೆಯ ಅದೇ ಜಾಗದಿಂದ ತೆಗೆದುಕೊಂಡು ಮುಂದುವರಿಸುತ್ತಾ ಹೋದಾಗ, ಔಷಧವನ್ನು ಒಮ್ಮೆಯೂ ಕಾಣದ ಬ್ಯಾಕ್ಟೀರಿಯಾ ನಿರೋಧಕವಾಗಿರುವುದು ಸ್ಪಷ್ಟವಾಯಿತು.

ಉತ್ಪರಿವರ್ತನೆ ಆಕಸ್ಮಿಕ, ಆಯ್ಕೆ ಆಕಸ್ಮಿಕವಲ್ಲ. ಈ ಎರಡನ್ನು ಬೆರೆಸಿದವರೇ ಇಷ್ಟೆಲ್ಲ ಕೇವಲ ಅದೃಷ್ಟದಿಂದ ಆಯಿತೇ ಎಂದು ಕೇಳುವುದು.

ಮುಲುಂಡದ ಅಜ್ಜ

ಚರ್ಚೆ ಚೆನ್ನಾಗಿ ನಡೆದಿದೆ. ಆದರೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನೀರಿನ ಮತ್ಸ್ಯ, ನೀರು ನೆಲ ಎರಡರ ಕೂರ್ಮ, ನೆಲದ ವರಾಹ, ಅರ್ಧ ಮೃಗ ಅರ್ಧ ಮನುಷ್ಯನಾದ ನರಸಿಂಹ, ಆಮೇಲೆ ವಾಮನ ಎಂಬ ದಶಾವತಾರದ ಕ್ರಮದಲ್ಲಿ ನಮ್ಮ ಹಿರಿಯರು ಇದನ್ನೇ ಹೇಳಿಲ್ಲವೇ? ಇನ್ನೊಂದು, ಕೊಕ್ಕು ಸ್ವಲ್ಪ ದಪ್ಪವಾಗುವುದು, ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾ ಆಗಿಯೇ ಉಳಿಯುವುದು ಸರಿ. ಮೀನು ನೆಲಕ್ಕೆ ಬಂದದ್ದನ್ನು ನೋಡಿದವರು ಯಾರು?

ಪುಣೆಯ ಕಲ್ಲುಬಂಡೆ

ಅಜ್ಜನವರ ಎರಡನೆಯ ಪ್ರಶ್ನೆ ಭೂವಿಜ್ಞಾನ ಕಲಿಸುವ ನನ್ನ ಪಾಲಿನದು. ಕಣ್ಣಾರೆ ನೋಡದ ಘಟನೆಯನ್ನು ತಿಳಿಯಲು ಉಳಿದ ಕುರುಹುಗಳಿಂದ ಊಹೆ ಕಟ್ಟಿ, ಆ ಊಹೆ ನಿಜವಾದರೆ ಮುಂದೆ ಎಲ್ಲಿ ಏನು ಸಿಗಬೇಕೆಂದು ಮೊದಲೇ ಹೇಳಿ, ಹೋಗಿ ಹುಡುಕಬೇಕು. ಶೋಧಕರಿಗೆ ಅಂದು ತಿಳಿದಿದ್ದಂತೆ ಸುಮಾರು 38 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ಬರೀ ಮೀನುಗಳಿದ್ದವು, ಸುಮಾರು 36 ಕೋಟಿ ವರ್ಷದವುಗಳಲ್ಲಿ ನಾಲ್ಕು ಕಾಲಿನ ಪ್ರಾಣಿಗಳಿದ್ದವು. ಹಾಗಾದರೆ ನಡುವಿನ ಜೀವಿ ನಡುವಿನ ವಯಸ್ಸಿನ, ಆಳವಿಲ್ಲದ ಸಿಹಿನೀರಿನಲ್ಲಿ ಉಂಟಾದ ಶಿಲೆಗಳಲ್ಲಿ ಸಿಗಬೇಕು. ಅಂಥ ಶಿಲೆಗಳು ಎಲ್ಲಿ ಹೊರಗೆ ಕಾಣುತ್ತವೆಂದು ನಕ್ಷೆ ನೋಡಿ ನೀಲ್ ಶೂಬಿನ್ ಮತ್ತು ಸಂಗಡಿಗರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. 2004ರಲ್ಲಿ ಸಿಕ್ಕಿದ ಟಿಕ್ಟಾಲಿಕ್ ಎಂಬ ಪಳೆಯುಳಿಕೆಗೆ ಮೀನಿನ ಹುರುಪೆಯೂ ಈಜುರೆಕ್ಕೆಯೂ ಇದ್ದವು. ಜೊತೆಗೆ ತಿರುಗಿಸಬಲ್ಲ ಕತ್ತು, ಮೊಸಳೆಯಂತೆ ಚಪ್ಪಟೆಯಾದ ತಲೆ, ಈಜುರೆಕ್ಕೆಯೊಳಗೆ ನಮ್ಮ ಮಣಿಕಟ್ಟಿಗೆ ಸಮನಾದ ಮೂಳೆಗಳೂ ಇದ್ದವು. ಅದರ ವಯಸ್ಸು ಸುಮಾರು 37.5 ಕೋಟಿ ವರ್ಷ. ಅದೇ ನಮ್ಮ ನೇರ ಪೂರ್ವಜ ಎಂದು ನಾನು ಹೇಳುವುದಿಲ್ಲ, ಆ ಪೂರ್ವಜನ ಹತ್ತಿರದ ಬಂಧು ಎನ್ನಬಹುದು.

ಪಳೆಯುಳಿಕೆಗಾಗಿ ಕೆನಡಾದವರೆಗೆ ಹೋಗಬೇಕಾಗಿಲ್ಲ. ಮುಂಬಯಿ ನಿಂತಿರುವುದೇ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ನಿನ ಲಾವಾ ಪದರಗಳ ಮೇಲೆ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಸಾಕಷ್ಟು ಕಾಲ ಬಿಡುವು ಸಿಕ್ಕ ಕಡೆ ಕೆರೆಕುಂಟೆಗಳಾಗಿ, ಅವುಗಳಲ್ಲಿ ಕಪ್ಪೆ, ಆಮೆಗಳು ಬದುಕಿ, ಕೆಸರಿನಲ್ಲಿ ಹೂತು, ಮುಂದಿನ ಲಾವಾದಡಿ ಮುಚ್ಚಿಹೋದವು. ವರ್ಲಿಯ ಪದರಗಳಲ್ಲಿ ಹಾಗೆ ಸಿಕ್ಕಿದ ಪುಟ್ಟ ಕಪ್ಪೆಗಳನ್ನು 1847ರಲ್ಲಿ ಲಂಡನ್ನಿನಲ್ಲಿ ವಿವರಿಸಿ ಹೆಸರಿಟ್ಟವನು ರಿಚರ್ಡ್ ಓವನ್. ಈಗ ಅದಕ್ಕೆ ಇಂಡೋಬಟ್ರಾಕಸ್ ಎಂಬ ಹೆಸರಿದೆ. ಅದೇ ಓವನ್ ಮುಂದೆ ಡಾರ್ವಿನ್ನನ ಕಡು ವಿರೋಧಿಯಾದನೆಂಬುದು ಬೇರೆ ಮಾತು. ಅಂಧೇರಿಯ ಗಿಲ್ಬರ್ಟ್ ಹಿಲ್‌ನ ಕಂಬದಂಥ ಬಂಡೆಯನ್ನು ಮಕ್ಕಳಿಗೆ ತೋರಿಸಿ, ಕಾಲದ ಅಳತೆ ಅರ್ಥವಾಗಲು ಅದು ಸಹಾಯವಾಗುತ್ತದೆ.

ಕಪ್ಪೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕೇರಳದ ಇಡುಕ್ಕಿಯಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ನೇರಳೆ ಕಪ್ಪೆ ವರ್ಷದ ಬಹುಕಾಲ ನೆಲದೊಳಗೇ ಇರುತ್ತದೆ. ಮೂಗು ಚೂಪಾಗಿರುವುದರಿಂದ ಅದರ ಶಾಸ್ತ್ರೀಯ ನಾಮ ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್. ಇದರ ಕುಲಕ್ಕೆ ಅತಿ ಹತ್ತಿರದ ಬಂಧುಗಳು ಪಕ್ಕದ ಕಾಡುಗಳಲ್ಲಿಲ್ಲ, ಸಾಗರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿವೆ. ಉಪ್ಪುನೀರಿನಲ್ಲಿ ಕಪ್ಪೆ ಅಷ್ಟು ದೂರ ಈಜಲಾರದು. ಆದರೆ ಭಾರತವೂ ಸೇಶೆಲ್ಸೂ ಒಂದು ಕಾಲಕ್ಕೆ ಕೂಡಿಕೊಂಡಿದ್ದ ಭೂಭಾಗವೆಂದು ಶಿಲೆಗಳು ಬೇರೆಯೇ ದಾರಿಯಿಂದ ಹೇಳುತ್ತವೆ. ಒಬ್ಬರನ್ನೊಬ್ಬರು ಕೇಳದೆ ಬಂದ ಎರಡು ಸಾಕ್ಷ್ಯಗಳು ಹೀಗೆ ಕೂಡಿದಾಗ ನೋಡಿದವರು ಯಾರೆಂಬ ಪ್ರಶ್ನೆಯ ಬಿಗಿ ಸಡಿಲವಾಗುತ್ತದೆ.

ಮಾಟುಂಗಾದ ನಿವೃತ್ತ ಶಿಕ್ಷಕ

ದಶಾವತಾರದ ಬಗ್ಗೆ ನಾನು ಹೇಳುತ್ತೇನೆ, ರಾಯರೇ. ನನ್ನ ಮನೆಯಲ್ಲೂ ನರಸಿಂಹ ಜಯಂತಿ ತಪ್ಪುವುದಿಲ್ಲ. ಅವತಾರಗಳ ಅರ್ಥ ಧರ್ಮಸಂಸ್ಥಾಪನೆಯಲ್ಲಿದೆ, ಮೂಳೆಗಳ ಇತಿಹಾಸದಲ್ಲಿಲ್ಲ. ಅವನ್ನು ವಿಕಾಸದ ಪಾಠವಾಗಿ ತರಗತಿಗೆ ತಂದರೆ ಎರಡಕ್ಕೂ ನಷ್ಟ. ಮೀನಿನಿಂದ ಆಮೆ, ಆಮೆಯಿಂದ ಹಂದಿ, ಹಂದಿಯಿಂದ ಮನುಷ್ಯ ಎಂಬ ಏಣಿಯೊಂದು ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ. ಆಮೆಯಾಗಲಿ ಹಂದಿಯಾಗಲಿ ನಮ್ಮ ಪೂರ್ವಜರಲ್ಲ. ಅವು ಬೇರೆ ಬೇರೆ ಕವಲುಗಳಲ್ಲಿ ನಮ್ಮಷ್ಟೇ ಕಾಲ ವಿಕಾಸಗೊಂಡು ಇಲ್ಲಿಗೆ ತಲುಪಿರುವ ಜೀವಿಗಳು.

ವಾಶಿಯ ವಿದ್ಯಾರ್ಥಿನಿ

ಹಾಗಾದರೆ ಮನುಷ್ಯ ಮಂಗನಿಂದ ಬಂದವನೆಂದು ಹೇಳುವುದೂ ತಪ್ಪೇ? ಮಂಗಗಳು ಈಗಲೂ ಇವೆಯಲ್ಲ ಎಂದು ನಮ್ಮ ತರಗತಿಯಲ್ಲಿ ಎಲ್ಲರೂ ಕೇಳುತ್ತಾರೆ.

ಠಾಣೆಯ ಪೋಷಕ

ಈ ಪ್ರಶ್ನೆಗಳೆಲ್ಲ ಮಕ್ಕಳಿಗೆ ಏಳುವುದೇ ಹತ್ತನೆಯ ತರಗತಿಯಲ್ಲಿ. ಸಿಬಿಎಸ್‌ಇ ಶಾಲೆಗಳ ಪಠ್ಯಪುಸ್ತಕಗಳನ್ನು ರೂಪಿಸುವ ಎನ್‌ಸಿಇಆರ್‌ಟಿ ಜೀವವಿಕಾಸದ ಭಾಗವನ್ನು ಹತ್ತನೆಯ ತರಗತಿಯಿಂದ ತೆಗೆದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ 2023ರಲ್ಲಿ ಬಹಿರಂಗ ಪತ್ರ ಬರೆದರು. ಹನ್ನೆರಡನೆಯ ತರಗತಿಯಲ್ಲಿ ಇದೆಯೆಂಬ ಸಮಾಧಾನ ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ. ಉಳಿದವರು ಜೀವವಿಕಾಸವನ್ನು ಎಲ್ಲಿಯೂ ಓದದೆ ಶಾಲೆ ಮುಗಿಸುತ್ತಾರೆ.

ನಿರ್ವಾಹಕರು

ವಿಷಯಕ್ಕೆ ಸಂಬಂಧಪಟ್ಟಿರುವುದರಿಂದ ಮೇಲಿನ ಟಿಪ್ಪಣಿಯನ್ನು ಉಳಿಸಿದ್ದೇವೆ. ಪಠ್ಯಕ್ರಮದ ರಾಜಕೀಯಕ್ಕೆ ಪ್ರತ್ಯೇಕ ಚರ್ಚೆ ತೆರೆಯಬಹುದು. ಇಲ್ಲಿ ದಯವಿಟ್ಟು ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರಿಸಿ.

ಮಡಗಾಂವದ ವೈದ್ಯೆ

ಧಾರವಾಡದ ಕಡೆಯವಳಾದ ನಾನು ಗೋವಾದಲ್ಲಿ ವೈದ್ಯಳಾಗಿದ್ದೇನೆ. ಈ ಪ್ರಶ್ನೆಯನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಕನ್ನಡ ತಮಿಳಿನಿಂದ ಹುಟ್ಟಿತು ಎಂದು ಯಾರಾದರೂ ಅಂದರೆ ನಾವು ಒಪ್ಪುತ್ತೇವೆಯೇ? ಎರಡಕ್ಕೂ ಹಿಂದೆ ಒಂದು ಮೂಲ ದ್ರಾವಿಡ ಭಾಷೆಯಿತ್ತು, ಅದು ಇಂದಿನ ಕನ್ನಡವೂ ಅಲ್ಲ ಇಂದಿನ ತಮಿಳೂ ಅಲ್ಲ, ಅದರಿಂದ ಎರಡೂ ಕವಲೊಡೆದವು ಎನ್ನುತ್ತೇವೆ. ಕನ್ನಡ ಬಂದ ಮೇಲೂ ತಮಿಳು ಏಕೆ ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. ಚಿಂಪಾಂಜಿಗೂ ನಮಗೂ ಇರುವ ಸಂಬಂಧ ಹಾಗೆಯೇ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಬದುಕಿದ್ದ ಒಂದು ಸಮೂಹದಿಂದ ಎರಡೂ ಕವಲುಗಳು ಬೇರೆಯಾದವು. ಸಂಜಯ ಗಾಂಧಿ ಉದ್ಯಾನದಲ್ಲಿ ನೀವು ನೋಡುವ ಮಂಗಗಳ ಕವಲು ಅದಕ್ಕಿಂತ ಬಹಳ ಹಿಂದೆಯೇ ಬೇರೆಯಾಗಿತ್ತು.

ಸಾಕ್ಷ್ಯ ಏನೆಂದರೆ, ನಮ್ಮ ದೇಹದ ಬಹುತೇಕ ಪ್ರತಿ ಕೋಶದಲ್ಲೂ ಸಿ ಜೀವಸತ್ವವನ್ನು ತಯಾರಿಸುವ ವಂಶವಾಹಿಯೊಂದು ಕೆಟ್ಟುಹೋದ ಸ್ಥಿತಿಯಲ್ಲಿದೆ. ನಾಯಿ, ದನಗಳು ಈ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳುತ್ತವೆ, ನಾವು ನೆಲ್ಲಿಕಾಯಿ, ನಿಂಬೆಗಳನ್ನು ನೆಚ್ಚಿಕೊಳ್ಳಬೇಕು. ಮಂಗಗಳಲ್ಲೂ ಚಿಂಪಾಂಜಿಗಳಲ್ಲೂ ಇದೇ ವಂಶವಾಹಿ ಕೆಟ್ಟಿದೆ, ನಮ್ಮೊಂದಿಗೆ ಹೊಂದುವ ಗುರುತುಗಳೊಂದಿಗೆ ಕೆಟ್ಟಿದೆ. ಗಿನಿಯಿಲಿಯಲ್ಲೂ ಅದು ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ಹೊಸದಾಗಿ ವಿನ್ಯಾಸಗೊಳಿಸಿದ ದೇಹದಲ್ಲಿ ಕೆಲಸಕ್ಕೆ ಬಾರದ ಒಂದು ಭಾಗವನ್ನು, ಅದೂ ನೆಂಟರಲ್ಲಿರುವಂತೆಯೇ, ಸೇರಿಸುವುದಕ್ಕೆ ನನಗಂತೂ ಕಾರಣ ಕಾಣಿಸುವುದಿಲ್ಲ. ವರ್ಣತಂತುಗಳ (ಕ್ರೋಮೊಸೋಮ್‌ಗಳ) ಲೆಕ್ಕವೂ ಇದೆ: ಚಿಂಪಾಂಜಿಗೆ 48, ನಮಗೆ 46. ನಮ್ಮ ಎರಡನೆಯ ವರ್ಣತಂತುವಿನ ನಡುವೆ, ತುದಿಗಳಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಸರಣಿ ಎದುರುಬದುರಾಗಿ ಕುಳಿತಿರುವುದರಿಂದ ಅದು ಎರಡು ವರ್ಣತಂತುಗಳು ಬೆಸೆದು ಆದದ್ದೆಂದು ತಿಳಿಯುತ್ತದೆ.

ಮನುಷ್ಯರ ಮೇಲೆ ಆಯ್ಕೆ ಈಗ ನಿಂತುಹೋಗಿದೆಯೇ ಎಂದು ಮಕ್ಕಳು ಮುಂದೆ ಕೇಳಿಯೇ ಕೇಳುತ್ತಾರೆ, ಅದಕ್ಕೆ ಕುಡಗೋಲು ಕಣ ರೋಗವನ್ನು ಹೇಳಿ. ನಂದುರ್ಬಾರ್, ಗಡಚಿರೋಲಿಯ ಆದಿವಾಸಿ ಸಮುದಾಯಗಳಲ್ಲಿ ಇದು ಹೆಚ್ಚು. ಹಿಮೋಗ್ಲೋಬಿನ್ನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ತಂದೆ ತಾಯಿ ಇಬ್ಬರಿಂದಲೂ ಅದು ಬಂದರೆ ರಕ್ತಕಣಗಳು ಕುಡಗೋಲಿನಂತೆ ಬಾಗಿ, ರಕ್ತನಾಳಗಳಲ್ಲಿ ಸಿಕ್ಕಿ, ತಡೆಯಲಾಗದ ನೋವು ಬರುತ್ತದೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ರೋಗವಿಲ್ಲ, ಮೇಲಾಗಿ ಮಾರಣಾಂತಿಕ ಮಲೇರಿಯಾದಿಂದ ಗಣನೀಯ ರಕ್ಷಣೆ ಸಿಗುತ್ತದೆ ಎಂಬುದನ್ನು ಆ್ಯಂಟನಿ ಆಲಿಸನ್ 1954ರಲ್ಲಿ ಆಫ್ರಿಕದಲ್ಲಿ ತೋರಿಸಿದರು. ಮಲೇರಿಯಾ ಇರುವ ಕಾಡಿನಲ್ಲಿ ಉಳಿಸುವ ವಂಶವಾಹಿಯೇ ಮಲೇರಿಯಾ ಇಲ್ಲದ ಊರಿನಲ್ಲಿ ಬರೀ ಹೊರೆಯಾಗುತ್ತದೆ. ಒಳ್ಳೆಯ ವಂಶವಾಹಿ, ಕೆಟ್ಟ ವಂಶವಾಹಿ ಎಂದು ಪರಿಸರವನ್ನು ಬಿಟ್ಟು ಹೇಳಲಾಗದು. ಸಮುದಾಯಗಳನ್ನು ಮೇಲು ಕೀಳೆಂದು ಅಳೆಯಲು ಜೀವವಿಕಾಸದ ಹೆಸರು ಬಳಸುವವರಿಗೆ ಇದನ್ನು ಎರಡು ಸಲ ಹೇಳಬೇಕು.

ಡೊಂಬಿವಲಿಯ ತಾಯಿ

ಎಲ್ಲರಿಗೂ ಋಣಿ. ಇಬ್ಬರನ್ನೂ ಕೂರಿಸಿ ಪೂರ್ತಿ ಓದಿ ಹೇಳಿದೆ. ಅವರಿಗೆ ಅರ್ಥವಾಗಿದೆಯೋ ಇಲ್ಲವೋ ನೋಡಲು ಮೇಷ್ಟ್ರು ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಕೊಟ್ಟರೆ ಒಳ್ಳೆಯದು.

ಮಾಟುಂಗಾದ ನಿವೃತ್ತ ಶಿಕ್ಷಕ

ಕೊಡೋಣ. ಚಾಳಿನ ಒಂದು ಮನೆಯಲ್ಲಿ ತಿಗಣೆಗಳಿಗೆ ಒಂದೇ ಔಷಧವನ್ನು ಹಲವು ವರ್ಷ ಹೊಡೆದರು. ಮೊದಲ ಸಲ ಹೆಚ್ಚುಕಡಿಮೆ ಎಲ್ಲ ಸತ್ತವು, ಈಗ ಅದೇ ಔಷಧಕ್ಕೆ ಒಂದೂ ಸಾಯುತ್ತಿಲ್ಲ. ಏನಾಯಿತು?

ಡೊಂಬಿವಲಿಯ ತಾಯಿ

ಅಣ್ಣನ ಮಗನ ಉತ್ತರ: "ಮೊದಲ ಸಲ ಔಷಧ ಹೊಡೆಯುವ ಮುಂಚೆಯೇ ಕೆಲವು ತಿಗಣೆಗಳಲ್ಲಿ ಔಷಧವನ್ನು ತಡೆಯುವ ವ್ಯತ್ಯಾಸ ಇತ್ತು. ಅವು ಮಾತ್ರ ಬದುಕಿ ಮೊಟ್ಟೆ ಇಟ್ಟವು. ಪ್ರತಿ ಸಲ ಹೊಡೆದಾಗಲೂ ಹಾಗೆಯೇ ಆಗಿ ಈಗ ಎಲ್ಲವೂ ಅವುಗಳ ಸಂತತಿಯೇ. ಯಾವ ತಿಗಣೆಯೂ ಔಷಧವನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ."

ಮಗಳು ಒಂದು ಸಾಲು ಸೇರಿಸಿದ್ದಾಳೆ: "ಮೊದಲ ಸಲ ಅಂಥ ತಿಗಣೆ ಆ ಮನೆಯಲ್ಲಿ ಒಂದೂ ಇಲ್ಲದಿದ್ದರೆ ಎಲ್ಲವೂ ಸತ್ತು ಕಥೆ ಮುಗಿಯುತ್ತಿತ್ತು, ಔಷಧವನ್ನು ತಡೆಯುವ ವ್ಯತ್ಯಾಸ ಬೇಕೆಂದಾಗ ಹುಟ್ಟುವುದಿಲ್ಲ."

ಮಾಟುಂಗಾದ ನಿವೃತ್ತ ಶಿಕ್ಷಕ

ಇಬ್ಬರಿಗೂ ಪೂರ್ಣ ಅಂಕ, ಮಗಳಿಗೆ ಒಂದು ಹೆಚ್ಚು. ಪಕ್ಕದ ಮನೆಯ ಹಾಸಿಗೆಯಿಂದ ನಿರೋಧಕ ತಿಗಣೆಯೊಂದು ಬಂದು ಸೇರಿಕೊಳ್ಳುವ ಸಾಧ್ಯತೆಯೂ ಇದೆ ಎಂಬುದನ್ನು ಮರೆಯಬೇಡಿ. ವಂಶವಾಹಿಗಳು ವಲಸೆಯಿಂದಲೂ ಹೊಸ ಸಮೂಹಕ್ಕೆ ಬರುತ್ತವೆ. ಮುಂದಿನ ಪ್ರಶ್ನೆ: ಆ ಔಷಧವನ್ನು ಕೆಲವು ವರ್ಷ ನಿಲ್ಲಿಸಿದರೆ ಏನಾಗಬಹುದು? ನಿರೋಧಕ ಗುಣವನ್ನು ಹೊತ್ತಿರುವುದರಿಂದ ತಿಗಣೆಗೆ ಬೇರೆ ಯಾವುದಾದರೂ ನಷ್ಟವಿದ್ದರೆ, ಇಲ್ಲದಿದ್ದರೆ, ಎರಡೂ ಸಂದರ್ಭಗಳನ್ನು ಯೋಚಿಸಿ ಬರೆಯಲಿ. ಸುಳಿವು ಬೇಕಾದರೆ ಫಿಂಚ್‌ಗಳ 1983ರ ಮಳೆಯನ್ನು ಇನ್ನೊಮ್ಮೆ ಓದಲಿ.